ಪ್ರಥಮವೆಂದು ಬರೆಸಿಕೊಂಡ ತಂಬಿಗೆ

ನಾನು ಒಂದು ಸ್ಟೀಲ್ ತಂಬಿಗೆ. ಹೊಟ್ಟೆ ದುಂಡಗೆ, ಕುತ್ತಿಗೆ ಸಣ್ಣಗೆ, ಬಾಯಿ ಅಗಲ. ಬಾಯಿ ಇದ್ದೂ ಮಾತಾಡಲಾರದ ಜಾತಿ ನಮ್ಮದು. ಹಾಗೆ ನೋಡಿದರೆ, ಮಾತಾಡಬೇಕಾದ ಹೊತ್ತಿಗೆ ಮುಚ್ಚಿಕೊಂಡ ಬಾಯಿಗಳನ್ನು ನಾನು ಮನುಷ್ಯರಲ್ಲೂ ಬೇಕಾದಷ್ಟು ಕಂಡಿದ್ದೇನೆ. ಈಗ ಹೇಳಲು ಹೊರಟಿರುವುದು ಅದನ್ನೇ.

ನನ್ನ ಹುಟ್ಟಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಯಾವುದೋ ದೂರದ ಕಾರ್ಖಾನೆಯಲ್ಲಿ ತಗಡಾಗಿ ಬಿದ್ದಿದ್ದೆ. ಅಚ್ಚಿಗೆ ಹಾಕಿ ಒತ್ತಿದರು, ಕತ್ತು ಹಿಸುಕಿದರು, ಗಿರಗಿರನೆ ತಿರುಗಿಸಿ ಮೈ ಉಜ್ಜಿದರು. ಕಣ್ಣು ಬಿಟ್ಟಾಗ ನನ್ನಂಥವೇ ಹತ್ತಾರು ತಂಬಿಗೆಗಳ ನಡುವೆ ಇದ್ದೆ. ಒಬ್ಬರ ಮೈಯಲ್ಲಿ ಇನ್ನೊಬ್ಬರು ಕಾಣುವಷ್ಟು ಹೊಳಪು. ನಾನು ಯಾರು, ಪಕ್ಕದವರು ಯಾರು ಎಂದು ನಮಗೇ ತಿಳಿಯುತ್ತಿರಲಿಲ್ಲ. ಹಾಗೇ ಲಾರಿ ಹತ್ತಿ, ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರಿಗೆ ಬಂದು, ಪಾತ್ರೆ ಅಂಗಡಿಯ ಮೇಲಿನ ಹಲಗೆ ಸೇರಿದೆವು.

ಅದು ರವಿಕೆಯ ಖಣ ನೇಯುವ ಊರು. ಬೆಳಗಾದರೆ ಓಣಿ ತುಂಬ ಮಗ್ಗದ ಸದ್ದು. ಅಂಗಡಿಯ ಮೂಲೆಯಲ್ಲಿ ದಸ್ತಗೀರಸಾಬ ಎಂಬ ಮುದುಕ ಹೆಸರು ಹಾಕುವ ಯಂತ್ರ ಹಿಡಿದು ಕೂತಿರುತ್ತಿದ್ದ. ಮದುವೆ ಮುಂಜಿಗೆ ಪಾತ್ರೆಗಳು ಮನೆಯಿಂದ ಮನೆಗೆ ಹೋಗಿ ಬರುತ್ತವಲ್ಲ, ತಿರುಗಿ ತಮ್ಮ ಮನೆಗೇ ಬರಲಿ ಎಂದು ಜನ ಹೊಸ ಪಾತ್ರೆಗೆಲ್ಲ ಮನೆಯ ಹೆಸರು ಹಾಕಿಸುತ್ತಿದ್ದರು. ವರ್ಷಕ್ಕೊಮ್ಮೆ ಮಾತ್ರ ಅವನು ಒಂದು ದೊಡ್ಡ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಬೇರೆಯೇ ಅಕ್ಷರ ಕೆತ್ತುತ್ತಿದ್ದನಂತೆ: ಶಾಲಾ ಕ್ರೀಡಾಕೂಟ, ಓಟ, ಪ್ರಥಮ ಬಹುಮಾನ. ಊರಿನ ಶಾಲೆಯಲ್ಲಿ ಓಟದಲ್ಲಿ ಮೊದಲು ಬಂದ ಮಗುವಿಗೆ ಆ ಕೊಡ ಸಿಗುತ್ತಿತ್ತು. ಎರಡನೆಯವರಿಗೆ ಸೋಪಿನ ಡಬ್ಬಿ, ಮೂರನೆಯವರಿಗೆ ಚಪ್ಪಾಳೆ. ಆ ಕೊಡ ಹೊತ್ತು ನಳದ ಹತ್ತಿರ ಬಂದ ಹೆಂಗಸಿಗೆ ಉಳಿದವರು ಸ್ವಲ್ಪ ಸರಿದು ಜಾಗ ಬಿಡುತ್ತಿದ್ದರಂತೆ. ಅಷ್ಟಿತ್ತು ಅದರ ಮರ್ಯಾದೆ.

ನಾನು ಬಂದ ವರ್ಷ ಕೊಡ ನಿಂತುಹೋಯಿತು. ನಿಲ್ಲಿಸಿದವರು ಹೆಡ್‌ಮಾಸ್ತರಿಣಿ ಇನಾಮದಾರ ಅಕ್ಕೋರು. ಅವರು ಕೆಟ್ಟವರಲ್ಲ, ಬಹಳ ಮೆತ್ತನೆಯ ಹೆಂಗಸು. ಹಿಂದಿನ ವರ್ಷ ಮೂರನೆಯವನಾಗಿ ಬಂದ ಹುಡುಗನನ್ನು ಅವನಪ್ಪ ಮಗ್ಗದ ಕೋಲಿನಿಂದ ಹೊಡೆದಿದ್ದನಂತೆ. ಮರುದಿನ ಆ ಹುಡುಗನ ಬೆನ್ನ ಮೇಲಿನ ಬಾಸುಂಡೆ ನೋಡಿದ ಅಕ್ಕೋರು ಊಟ ಬಿಟ್ಟರಂತೆ. ಅಂಗಡಿಗೆ ಬಂದು ಇದನ್ನೆಲ್ಲ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. "ಈ ಸಲ ಕೊಡ ಬ್ಯಾಡ್ರಿ. ಓಡಿದ ಎಲ್ಲಾ ಮಕ್ಕಳಿಗೂ ಒಂದೊಂದು ತಂಬಿಗಿ ಕೊಡ್ತೀವಿ. ಸೋತೆ ಅಂತ ಒಂದ ಮಗುನೂ ಅಳಬಾರದು" ಅಂದರು. ಹಾಗೆ ನಾವು ನಲವತ್ತು ಜನ ಹಲಗೆಯಿಂದ ಕೆಳಗಿಳಿದೆವು.

ನಮ್ಮ ಮೇಲೆ 'ಓಡಿದ ಮಕ್ಕಳಿಗೆ ಪ್ರೀತಿಯಿಂದ' ಎಂದು ಬರೆಸಬೇಕೆಂದು ಅಕ್ಕೋರ ಮನಸ್ಸಿನಲ್ಲಿತ್ತು. ಅದನ್ನು ತಿಳಿಸುವ ಕೆಲಸವನ್ನು ಆಟದ ಮಾಸ್ತರರಾದ ಹೂಗಾರ ಸರ್‌ಗೆ ವಹಿಸಿದರು. ಹೂಗಾರ ಸರ್ ಅವಸರದ ಮನುಷ್ಯ. ಸ್ಕೂಟರಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ, ಬಾಗಿಲಿನಿಂದಲೇ ಕೂಗಿದರು.

"ಸಾಬರ, ವರ್ಷಾ ಬರೀತೀರಲ್ಲ, ಹಂಗ ಬರದ ಬಿಡ್ರಿ."

ದಸ್ತಗೀರಸಾಬ ನಮ್ಮ ಗುಂಪನ್ನು ನೋಡಿದ. "ಎಲ್ಲಾದರ ಮ್ಯಾಲೂ ಅದನ್ನ ಬರೀಲೇನ್ರಿ?"

"ಹ್ಞೂಂ ಹ್ಞೂಂ, ಎಲ್ಲಾದರ ಮ್ಯಾಲೂ."

ಮುದುಕ ತಲೆ ಕೆರೆದುಕೊಂಡ. ಬರೆಯುವುದು ತನ್ನ ಕೆಲಸ, ಓಡುವುದು ಮಕ್ಕಳ ಕೆಲಸ ಎಂದುಕೊಂಡಿರಬೇಕು. ಯಂತ್ರದ ಸೂಜಿ ಗುಂಯ್ ಎಂದಿತು. ಒಬ್ಬೊಬ್ಬರನ್ನೇ ಹಿಡಿದು ನಲವತ್ತು ತಂಬಿಗೆಗಳ ಹೊಟ್ಟೆಯ ಮೇಲೂ ಕೆತ್ತಿಬಿಟ್ಟ: ಓಟ, ಪ್ರಥಮ ಬಹುಮಾನ. ನಮಗೋ ಹಿಗ್ಗೋ ಹಿಗ್ಗು. ಓಟವೆಂದರೆ ಏನೆಂದೇ ತಿಳಿಯದ ನಾವು ಮೊದಲೇ ಗೆದ್ದು ಕೂತಿದ್ದೆವು.

ಓಟದ ದಿನ ಮೈದಾನದ ಮೇಜಿನ ಮೇಲೆ ನಮ್ಮನ್ನು ಸಾಲಾಗಿ ಜೋಡಿಸಿದರು. ನಾನು ಅಂಚಿನಲ್ಲಿದ್ದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಸೀಟಿ ಊದಿದ್ದೇ ತಡ, ಗುಂಪಿನಿಂದ ಒಬ್ಬಳು ಹುಡುಗಿ ಚಿಮ್ಮಿಕೊಂಡು ಬಂದಳು. ಬರಿಗಾಲು, ಜಡೆಯನ್ನು ಎತ್ತಿ ಕಟ್ಟಿದ್ದಳು, ಹಲ್ಲು ಕಚ್ಚಿದ್ದಳು. ಆರನೆಯ ತರಗತಿಯ ದಾಕ್ಷಾಯಣಿ ಅವಳು, ನೇಕಾರ ಗುರುಲಿಂಗಪ್ಪನ ಮಗಳು. ಅವಳು ಗೆರೆ ದಾಟಿ ನಿಂತು ಹಿಂದೆ ತಿರುಗಿ ನೋಡುವಾಗ ಉಳಿದವರು ಇನ್ನೂ ಬೇವಿನ ಮರದ ಹತ್ತಿರವೂ ಬಂದಿರಲಿಲ್ಲ. ಎಲ್ಲರಿಗಿಂತ ಹಿಂದೆ, ಎದೆ ಹಿಡಿದುಕೊಂಡು, ಎರಡು ಹೆಜ್ಜೆ ಓಡಿ ನಾಲ್ಕು ಹೆಜ್ಜೆ ನಡೆಯುತ್ತ ಬಂದವಳು ಗಿರಿಜಾ. ಅವಳಿಗೆ ದಮ್ಮಿನ ಕಾಯಿಲೆ. ದಾಕ್ಷಾಯಣಿಯ ಮನೆಯ ಪಕ್ಕದ ಮನೆ, ಒಂದೇ ತರಗತಿ, ಜೀವದ ಗೆಳತಿ. ಗಿರಿಜಾ ಗೆರೆ ಮುಟ್ಟುವ ತನಕ ದಾಕ್ಷಾಯಣಿ ಅಲ್ಲೇ ನಿಂತು ಕಾಯ್ದಳು.

ಬಹುಮಾನ ಹಂಚುವಾಗ ಮೊದಲ ಮಗು ತನ್ನ ತಂಬಿಗೆ ಮೇಲಿನದನ್ನು ಗಟ್ಟಿಯಾಗಿ ಓದಿತು. "ಪ್ರಥಮ ಬಹುಮಾನ!" ಅಕ್ಕೋರು ಗಕ್ಕನೆ ನಿಂತರು. ಇನ್ನೊಂದನ್ನು ಎತ್ತಿ ನೋಡಿದರು, ಮತ್ತೊಂದನ್ನು ನೋಡಿದರು, ಹೂಗಾರ ಸರ್ ಮುಖ ನೋಡಿದರು. ಸರ್ ಬೇವಿನ ಮರ ನೋಡುತ್ತಿದ್ದರು. ಅಷ್ಟರಲ್ಲಿ ಮಕ್ಕಳ ಸಾಲಿನಲ್ಲಿ ನಗು ಎದ್ದಿತ್ತು, ನಾನೂ ಪ್ರಥಮ, ನೀನೂ ಪ್ರಥಮ ಎಂದು ಕುಣಿಯುತ್ತಿದ್ದವು. ಜೀವಮಾನದಲ್ಲಿ ಒಮ್ಮೆಯೂ ಗೆಲ್ಲದ ಮುಖಗಳು ಅರಳಿದ್ದನ್ನು ಕಂಡು ಅಕ್ಕೋರ ಮನಸ್ಸು ಕರಗಿತು. "ಇರ್ಲಿ. ಇವತ್ತು ಎಲ್ಲಾರೂ ಮೊದಲನೇದವರೇ" ಅಂದುಬಿಟ್ಟರು. ನನ್ನನ್ನು ದಾಕ್ಷಾಯಣಿಯ ಕೈಗೆ ಕೊಟ್ಟರು. ನಲವತ್ತರಲ್ಲಿ ನಿಜ ಹೇಳುವ ತಂಬಿಗೆ ನಾನೊಬ್ಬನೇ ಆದೆ. ಅದು ನನ್ನ ಗುಣದಿಂದಲ್ಲ, ಹಿಡಿದ ಕೈಯಿಂದ.

ಆ ಕೈ ಬೆವೆತಿತ್ತು, ಬಿಸಿಯಾಗಿತ್ತು. ಅದಕ್ಕೆ ಕಾರಣವಿತ್ತು. ಜಿಲ್ಲೆಯಲ್ಲಿ ಸರ್ಕಾರದ ಕ್ರೀಡಾ ಹಾಸ್ಟೆಲ್ ಒಂದಿದೆ, ಓಡುವ ಮಕ್ಕಳನ್ನು ಆರಿಸಿ ಇಟ್ಟುಕೊಂಡು ಕಲಿಸುತ್ತಾರೆ, ಮುಂದಿನ ವಾರವೇ ಆಯ್ಕೆ ಎಂದು ಹೂಗಾರ ಸರ್ ಅವಳಿಗೆ ಹೇಳಿದ್ದರು. ಮನೆಯಲ್ಲಿ ಕೇಳಿದಾಗ ಗುರುಲಿಂಗಪ್ಪ ಲಾಳಿ ನಿಲ್ಲಿಸಿ ಒಂದೇ ಮಾತು ಹೇಳಿದ್ದ: "ಕೊಡಾ ತಂದ್ರ ಕಳಸ್ತೀನಿ. ಇಲ್ಲಂದ್ರ ಸುಮ್ಮ ರಾಟಿ ಮುಂದ ಕುಂತು ಕಂಡಿಕಿಗೆ ನೂಲ ಸುತ್ತಬೇಕು." ಅವನೂ ಚಿಕ್ಕಂದಿನಲ್ಲಿ ಇದೇ ಮೈದಾನದಲ್ಲಿ ಓಡಿದವನು. ಕೂದಲೆಳೆಯಲ್ಲಿ ಎರಡನೆಯವನಾಗಿ ಸೋಪಿನ ಡಬ್ಬಿ ತಂದಿದ್ದ. ಆ ಡಬ್ಬಿ ಇನ್ನೂ ಅವನ ಬಚ್ಚಲಲ್ಲಿತ್ತು. ಎರಡನೆಯವನಿಗೂ ಮೊದಲನೆಯವನಿಗೂ ಎಷ್ಟು ಅಂತರ ಎಂದು ಅವನು ದಿನಾ ಮುಖ ತೊಳೆಯುವಾಗ ನೋಡುತ್ತಿದ್ದ.

ಕೊಡವಿಲ್ಲದಿದ್ದರೇನು, ಪ್ರಥಮ ಎಂದು ಬರೆದಿದೆಯಲ್ಲ ಎಂದುಕೊಂಡು ದಾಕ್ಷಾಯಣಿ ನನ್ನನ್ನು ಎದೆಗವಚಿಕೊಂಡು ಮನೆಗೆ ಓಡಿದಳು. ಗುರುಲಿಂಗಪ್ಪ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮರುದಿನ ಸಂತೆ, ಖಣ ಕೊಯ್ದು ಕೊಡಬೇಕಿತ್ತು. ಹಾಗಾಗಿ ಓಟ ನೋಡಲು ಅವನು ಬಂದಿರಲಿಲ್ಲ. ಓಣಿಯ ಗಂಡಸರು ಯಾರೂ ಬಂದಿರಲಿಲ್ಲ.

"ಅಪ್ಪಾ, ನಾ ಮೊದಲ ಬಂದೆ."

ಅವನು ನನ್ನನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ತುಟಿಯಲ್ಲಿ ನಗು ಬರುವುದರಲ್ಲಿತ್ತು. ಅದೇ ಹೊತ್ತಿಗೆ ಬಾಗಿಲ ಮುಂದೆ ಓಣಿಯ ಮಕ್ಕಳ ದಂಡು ಹಾದುಹೋಯಿತು. ಎಲ್ಲರ ಕೈಯಲ್ಲೂ ತಂಬಿಗೆ, ಎಲ್ಲರ ಬಾಯಲ್ಲೂ "ನಾ ಪ್ರಥಮ, ನಾ ಪ್ರಥಮ." ಗುರುಲಿಂಗಪ್ಪ ಒಬ್ಬೊಬ್ಬರನ್ನೇ ಕರೆದು ಓದಿ ನೋಡಿದ. ಮೂಗು ಸುರಿಸುವ ಚೋಟುದ್ದದ ಹುಡುಗನೂ ಪ್ರಥಮ. ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಿದ್ದವಳೂ ಪ್ರಥಮ. ಯಾರು ಮೊದಲು ಬಂದಿರಿ ಎಂದು ಕೇಳಿದರೆ ನಾನಲ್ಲ ಎನ್ನುವ ಮಗು ಒಂದೂ ಇಲ್ಲ.

"ಊರಿಗೂರ ಮೊದಲ ಬಂದೈತಿ, ನೀನೇನ ಹೇಳ್ತಿ" ಎಂದು ಅವನು ನನ್ನನ್ನು ಕೆಳಗಿಟ್ಟ. ಇಟ್ಟ ರೀತಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನನಗೆ ಅದು ಇನ್ನೂ ಕೆಟ್ಟದೆನಿಸಿತು.

"ಸರ್‌ನ ಕೇಳಪ್ಪಾ" ಅಂದಳು ಹುಡುಗಿ.

ಸಂಜೆ ಹೂಗಾರ ಸರ್ ಆಯ್ಕೆಯ ವಿಷಯ ಮಾತಾಡಲು ತಾವಾಗಿಯೇ ಬಂದರು. ವಿಧಿ ನೋಡಿ, ಅದೇ ಹೊತ್ತಿಗೆ ಪಕ್ಕದ ಮನೆಯ ಕಾಶವ್ವ ಮಗಳು ಗಿರಿಜಾಳನ್ನು ಕರೆದುಕೊಂಡು ಸಕ್ಕರೆ ಹಂಚಲು ಬಂದು ಕೂತಿದ್ದಳು. ದಮ್ಮು ಹತ್ತಿದರೆ ರಾತ್ರಿಯಿಡೀ ಮಗಳ ಬೆನ್ನು ಉಜ್ಜುತ್ತ ಕೂರುವ ತಾಯಿ ಅವಳು. ಅಕ್ಷರ ಬಾರದಿದ್ದರೂ ಮಗಳ ತಂಬಿಗೆಯ ಮೇಲಿನ ಬರಹವನ್ನು ಸೆರಗಿನಿಂದ ಒರೆಸಿ ಒರೆಸಿ ತೋರಿಸುತ್ತಿದ್ದಳು. "ನೋಡ್ರಿ ಸರ, ನನ್ನ ಮಗಳೂ ಮೊದಲ ಬಂದಾಳ" ಅಂದಳು.

ಗುರುಲಿಂಗಪ್ಪ ಕಾಲನ್ನು ಕುಣಿಯಿಂದ ಮೇಲೆತ್ತಿ ಕೂತ. "ಸರ, ನೀವ ಹೇಳ್ರಿ. ಖರೇವಂದ್ರ ಯಾರು ಮೊದಲ ಬಂದ್ರು? ಒಬ್ಬರ ಹೆಸರ ಹೇಳ್ರಿ ಸಾಕು. ಆಯ್ಕೆಗೆ ಹುಡುಗೀನ ಕರಕೊಂಡ ಬರ್ತೀನಿ."

ದಾಕ್ಷಾಯಣಿ ಮಗ್ಗದ ಕಂಬ ಹಿಡಿದು ನಿಂತಿದ್ದಳು. ಹೂಗಾರ ಸರ್ ಕಾಶವ್ವನ ಕಡೆ ನೋಡಿದರು, ಸಕ್ಕರೆಯ ತಟ್ಟೆ ನೋಡಿದರು. ಎಲ್ಲಾದರ ಮೇಲೂ ಬರೀರಿ ಎಂದ ತಮ್ಮ ಬಾಯಿಯೇ ನೆನಪಾಯಿತೋ ಏನೋ, ಮುಖ ಒರೆಸಿಕೊಂಡರು. "ಎಲ್ಲಾ ಮಕ್ಕಳೂ ಚಲೋ ಓಡ್ಯಾರ್ರಿ" ಅಂದರು.

ಗುರುಲಿಂಗಪ್ಪ ಬಿಡಲಿಲ್ಲ. "ಗಿರಿಜವ್ವಾ, ನೀ ಸುಳ್ಳ ಹೇಳಾಕಿ ಅಲ್ಲ. ಎಷ್ಟನೇದಾಕಿ ಬಂದಿ?"

ಗಿರಿಜಾ ಅವ್ವನ ಮುಖ ನೋಡಿದಳು. ತಂಬಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. "ಬರದೈತಲ್ರಿ ಕಾಕಾ," ಅಂದಳು ಸಣ್ಣ ದನಿಯಲ್ಲಿ, "ಮೊದಲನೇದು."

ದಾಕ್ಷಾಯಣಿ ಗೆಳತಿಯನ್ನು ಸುಳ್ಳಿ ಎನ್ನಬೇಕಿತ್ತು, ಅನ್ನಲಿಲ್ಲ. ಅವರೆಲ್ಲ ಹೋದ ಮೇಲೆ ನನ್ನನ್ನು ಎತ್ತಿ ಬೀಸಿ ಒಗೆದಳು. ನಾನು ಮಗ್ಗದ ಕುಣಿಯ ಅಂಚಿನ ಕಲ್ಲಿಗೆ ಬಡಿದು ಒಳಗೆ ಬಿದ್ದೆ. ಹೊಟ್ಟೆ ತಗ್ಗಾಯಿತು, 'ಪ್ರಥಮ' ಎಂಬ ಅಕ್ಷರದ ಪಕ್ಕದಲ್ಲೇ. ಗುರುಲಿಂಗಪ್ಪ ಬಯ್ಯಲಿಲ್ಲ. ನನ್ನನ್ನು ಎತ್ತಿ, ಒಳಗೆ ಕೈ ಹಾಕಿ ತಗ್ಗನ್ನು ತೆಗೆಯಲು ನೋಡಿದ, ಪೂರ್ತಿ ಬರಲಿಲ್ಲ. ಅಂದಿನಿಂದ ಅವನ ಕುಡಿಯುವ ನೀರು ನನ್ನಲ್ಲಿ, ಜಾಗ ಮಗ್ಗದ ಪಕ್ಕ. ಹೂಗಾರ ಸರ್ ಆಮೇಲೆ ಅತ್ತ ಸುಳಿಯಲಿಲ್ಲ, ಆಯ್ಕೆಯ ದಿನ ಬಂದು ಹೋಯಿತು. ಆ ದಿನ ದಾಕ್ಷಾಯಣಿ ರಾಟಿಯ ಮುಂದೆ ಕೂತು ಬೆಳಗಿನಿಂದ ಸಂಜೆಯ ತನಕ ಕಂಡಿಕಿ ಸುತ್ತಿದಳು. ನೂಲು ಎಷ್ಟು ಸಲ ಹರಿಯಿತೋ ಅಷ್ಟು ಸಲ ಗಂಟು ಹಾಕಿದಳು, ತಲೆ ಎತ್ತಲಿಲ್ಲ.

ತಿಂಗಳೊಪ್ಪತ್ತು ಕಳೆದಿರಬೇಕು. ಖಣ ಒಯ್ಯಲು ಸಾಹುಕಾರನ ಟೆಂಪೋ ಬಂದಿತ್ತು. ಬಟ್ಟೆಯ ಗಂಟುಗಳನ್ನು ಹೇರಿಕೊಂಡು ಹೊರಟೇಬಿಟ್ಟಿತು, ಒಂದು ಗಂಟು ಮಾತ್ರ ಕಟ್ಟೆಯ ಮೇಲೆ ಉಳಿದುಬಿಟ್ಟಿತು. ಗುರುಲಿಂಗಪ್ಪ ನನ್ನನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ನೀರು ಕುಡಿಯುತ್ತಿದ್ದ. "ಅಯ್ಯೋ" ಎನ್ನುವಷ್ಟರಲ್ಲಿ ದಾಕ್ಷಾಯಣಿ ಗಂಟನ್ನು ಕಂಕುಳಿಗೆ ಸೇರಿಸಿ ಓಡಿದಳು. ಆಹಾ, ಏನು ಓಟ ಅದು. ಓಣಿಯ ನಾಯಿಗಳು ದಾರಿ ಬಿಟ್ಟವು, ಅಂಗಳದ ಕೋಳಿಗಳು ಹಾರಿದವು. ಊರ ಅಗಸಿ ಬಾಗಿಲ ತಿರುವಿನಲ್ಲಿ ಟೆಂಪೋ ವೇಗ ಹಿಡಿಯುವ ಮೊದಲೇ ಮುಟ್ಟಿ ಗಂಟನ್ನು ಒಳಗೆ ಎಸೆದಳು.

ನನ್ನ ಕುತ್ತಿಗೆಯ ಮೇಲೆ ಅವನ ಬೆರಳು ಬಿಗಿಯಾದವು. ಅವನು ಒಳಗೆ ಬಂದು ಮಗ್ಗದ ಮುಂದೆ ಕೂತ, ಕಾಲು ಕುಣಿಗೆ ಇಳಿಸಲಿಲ್ಲ. ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ತಗ್ಗಿನ ಪಕ್ಕದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸುತ್ತ, ನನ್ನ ಬಾಯೊಳಗೆ ನೋಡಿ ಮೆಲ್ಲಗೆ ಹೇಳಿದ: "ನೀನ ಮೊದಲ ಬಂದಿದ್ದಿ ಮಗಳ. ನನಗ ತಡಾ ಆತು."

ಅವಳು ಏದುಸಿರು ಬಿಡುತ್ತ ಒಳಗೆ ಬಂದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. "ನೀರ ಕುಡಿ" ಎಂದು ನನ್ನನ್ನು ಅವಳ ಕಡೆ ಚಾಚಿದ. ಅಷ್ಟೇ. ಹೇಳಿದರೆ ತಪ್ಪು ತನ್ನದೆಂದು ಒಪ್ಪಿಕೊಳ್ಳಬೇಕಾಗುತ್ತದೆ, ಒಪ್ಪಿಕೊಂಡರೂ ಹೋದ ದಿನ ತಿರುಗಿ ಬರುವುದಿಲ್ಲ ಎಂದುಕೊಂಡನೋ ಏನೋ. ಅವಳು ನೀರು ಕುಡಿದು ನನ್ನನ್ನು ಬೋರಲು ಹಾಕಿ ಹೋದಳು.

ಮರುವರ್ಷವೂ ಶಾಲೆಯಲ್ಲಿ ತಂಬಿಗೆಯೇ. ಈ ಸಲ ಬರಹವನ್ನು ಅಕ್ಕೋರೇ ನಿಂತು ಸರಿಯಾಗಿ ಬರೆಸಿದ್ದರು. ಹೂಗಾರ ಸರ್ ಮನೆಯ ತನಕ ಬಂದು ದಾಕ್ಷಾಯಣಿಯನ್ನು ಓಡಲು ಕರೆದರು. "ಓಡಿದರೂ ತಂಬಿಗಿ, ನಡದರೂ ತಂಬಿಗಿ. ಮನ್ಯಾಗ ಒಂದೈತಲ್ರಿ ಸರ, ಸಾಕು" ಅಂದಳು. ಅವಳು ಮತ್ತೆ ಓಡಲಿಲ್ಲ. ಕಾಲು ಕುಂಟಾಗಿರಲಿಲ್ಲ, ಉಸಿರು ಕಡಿಮೆಯಾಗಿರಲಿಲ್ಲ. ಓಡಬೇಕೆಂಬ ಆಸೆ ಇತ್ತಲ್ಲ, ಅದಕ್ಕೆ ನಿಲ್ಲಲು ನೆಲವೇ ಉಳಿಯಲಿಲ್ಲ.

ಇನ್ನೊಂದು ಮಾತನ್ನೂ ಹೇಳದಿದ್ದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಗಿರಿಜಾ ಆ ತಂಬಿಗೆ ಬಂದ ಮೇಲೆ ಬೇರೆಯೇ ಹುಡುಗಿಯಾದಳು. ದಮ್ಮೆಂದು ವಾರಗಟ್ಟಲೆ ಶಾಲೆ ತಪ್ಪಿಸುತ್ತಿದ್ದವಳು ತಪ್ಪದೆ ಹೋದಳು, ಹತ್ತನೆಯ ತರಗತಿ ಮುಗಿಸಿದಳು, ಕೆಲಸ ಹಿಡಿದಳು. ಹಾಗಾಗಿ ಎಲ್ಲರಿಗೂ ಕೊಟ್ಟದ್ದು ತಪ್ಪು ಎಂದು ಯಾರಾದರೂ ಅಂದರೆ ನಾನು ಹೌದೆನ್ನಲಾರೆ. ಒಂದೇ ಮಳೆಗೆ ಒಂದು ಹೊಲ ಹಸಿರಾಯಿತು, ಪಕ್ಕದ ಹೊಲ ಕೊಳೆಯಿತು.

ದಾಕ್ಷಾಯಣಿಯ ಮದುವೆ ಬಂತು. ನೀರು ಕೊಡಲು ಓಣಿಯ ತಂಬಿಗೆಗಳೆಲ್ಲ ಒಂದು ಬುಟ್ಟಿ ಸೇರಿದವು. ಮನೆಯ ಹೆಸರಿದ್ದ ಪಾತ್ರೆಗಳು ತಂತಮ್ಮ ಮನೆ ಸೇರಿಕೊಂಡವು. ನಮ್ಮಂಥ ಪ್ರಥಮರದೇ ಫಜೀತಿ. ಯಾವುದು ಯಾರದೆಂದು ಗೊತ್ತಾಗದೆ ಕೈಗೆ ಸಿಕ್ಕಿದ್ದನ್ನು ಒಯ್ದರು. ನನ್ನನ್ನು ಕಾಶವ್ವ ಒಯ್ದಳು. ದಾಕ್ಷಾಯಣಿ ಗಂಡನ ಮನೆಗೆ ಒಯ್ದದ್ದು ಬೇರೆ ಯಾರದೋ ಸುಳ್ಳು ಪ್ರಥಮವನ್ನು. ನನ್ನನ್ನು ಮುಟ್ಟಿ ನೋಡಿದ್ದರೆ ತಗ್ಗಿನಿಂದ ಗುರುತು ಹತ್ತುತ್ತಿತ್ತು, ಆದರೆ ಮದುವಣಗಿತ್ತಿಯ ಕೈಯಲ್ಲಿ ಪಾತ್ರೆ ಎಣಿಕೆ ಮಾಡಿಸುತ್ತಾರೆಯೇ.

ಗಿರಿಜಾ ಅದೇ ಊರಿನ ಅಂಗನವಾಡಿಯ ಟೀಚರಾದಳು. ಕಾಶವ್ವ ತೀರಿಕೊಂಡ ಮೇಲೆ ನನ್ನನ್ನು ಅಲ್ಲಿಗೆ ತಂದಿಟ್ಟುಕೊಂಡಳು. ಎಷ್ಟೋ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ದಾಕ್ಷಾಯಣಿ ಅಲ್ಲಿಗೆ ಬಂದಳು. ಗುರುಲಿಂಗಪ್ಪ ತೀರಿಕೊಂಡು ವಾರವಾಗಿತ್ತು, ದಿನಕರ್ಮ ಮುಗಿಸಿ ಊರಿಗೆ ಹೊರಟಿದ್ದಳು. ಕೂದಲು ನೆರೆತಿತ್ತು, ಮೈ ದಪ್ಪಗಾಗಿತ್ತು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ರೂಢಿ. ಗಿರಿಜಾ ನನ್ನನ್ನೇ ತುಂಬಿ ಕೊಟ್ಟಳು.

ಬಾಯಿಗೆ ಎತ್ತುವ ಮೊದಲು ಅವಳ ಹೆಬ್ಬೆರಳು ತಗ್ಗಿನೊಳಗೆ ಇಳಿಯಿತು, ಅಲ್ಲೇ ನಿಂತಿತು. "ಇದು ನಮ್ಮ ಮನೀದು" ಅಂದಳು. ನೀರನ್ನು ಕುಡಿಯಲಿಲ್ಲ. ಹೆಬ್ಬೆರಳನ್ನು ಅಲ್ಲಿಂದ ತೆಗೆಯದೆ ಕೇಳಿದಳು: "ಗಿರಿಜಾ, ಅವತ್ತ ಯಾರು ಮೊದಲ ಬಂದಿದ್ರು?"

"ನೀನು."

"ಸುಮ್ಮ ಹೇಳಬ್ಯಾಡ."

"ನಾ ಎಲ್ಲಾರಕಿಂತ ಹಿಂದ ಇದ್ನೆವ್ವ. ಮುಂದಿದ್ದವರಿಗೆ ಹಿಂದಿಂದು ಕಾಣಂಗಿಲ್ಲ, ನನಗ ಎಲ್ಲಾರ ಬೆನ್ನೂ ಕಾಣತಿದ್ವು. ನಿಂದೊಂದ ಬೆನ್ನು ಕಾಣಲಾರದಷ್ಟು ಮುಂದ ಹೋತು. ನನ್ನಷ್ಟ ಚಲೋ ನೋಡಿದವರು ಯಾರೂ ಇಲ್ಲ."

"ಮತ್ತ ಅಪ್ಪ ಕೇಳಿದಾಗ ಯಾಕ ಹೇಳಲಿಲ್ಲ?"

ಗಿರಿಜಾಳ ಉಸಿರು ಸುಂಯ್‌ಗುಟ್ಟತೊಡಗಿತು. "ನಮ್ಮವ್ವ ಸಕ್ಕರಿ ಹಂಚಿದ್ಲು. ಜಲ್ಮದಾಗ ಅದೊಂದ ಸಲ. ಹೆಂಗ ಹೇಳಲಿ?"

ದಾಕ್ಷಾಯಣಿ ತಲೆ ಅಲ್ಲಾಡಿಸಿದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಅಪ್ಪ ಹೋಗೂತನಕಾ ನಾ ಸುಳ್ಳ ಹೇಳೀನಿ ಅಂತನ ತಿಳಕೊಂಡಿದ್ದ" ಅಂದಳು. ಆಗ ಅಳು ಬಂತು. ಮಗಳಾಗಿ ಒಂದು ವಾರ ಅತ್ತದ್ದು ಬೇರೆ, ಈ ಅಳು ಬೇರೆ. ಆರನೆಯ ತರಗತಿಯ ಹುಡುಗಿ ಅಳುವ ಹಾಗೆ, ಮೊಣಕೈಯಿಂದ ಮೂಗು ಒರೆಸಿಕೊಂಡು ಅತ್ತಳು.

ಅಲ್ಲವ್ವ, ಅವನಿಗೆ ಗೊತ್ತಿತ್ತು, ನನ್ನೊಳಗೇ ಹೇಳಿದ್ದಾನೆ ಎಂದು ಕೂಗಬೇಕೆನಿಸಿತು. ಅವಳ ಕೈಯಲ್ಲೇ ಇದ್ದೆ, ಅವಳ ಬಾಯಿಗೆ ಒಂದು ಗೇಣು ದೂರದಲ್ಲಿದ್ದೆ. ಗೇಣು ದೂರವೇ ಉಳಿದೆ. ಗಿರಿಜಾ ಒಯ್ಯಿ ಎಂದಳು, ಅವಳು ಒಯ್ಯಲಿಲ್ಲ. "ಇಲ್ಲೇ ಇರ್ಲಿ, ಮಕ್ಕಳು ನೀರ ಕುಡೀತಾವು" ಎಂದು ನನ್ನನ್ನು ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದಳು. ನಿಧಾನವಾಗಿ ನಡೆದುಕೊಂಡು ಹೋದಳು.

ಈಗ ನಾನು ಮುದುಕ. ಹೊಳಪಿಲ್ಲ. ಅಂಗನವಾಡಿಯ ಮೂಲೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಅಳತೆಯ ಪಾತ್ರೆಯಾಗಿದ್ದೇನೆ. ವರ್ಷಕ್ಕೊಮ್ಮೆ ಗಿರಿಜಾ ಪುಟ್ಟ ಮಕ್ಕಳನ್ನು ಅಂಗಳದಲ್ಲಿ ಓಡಿಸುತ್ತಾಳೆ. ಓಡಿದವರಿಗೆಲ್ಲ ಒಂದೊಂದು ಶೇಂಗಾ ಉಂಡಿ. ಬಿದ್ದವರಿಗೂ, ನಡುವೆ ನಿಂತು ಚಿಟ್ಟೆ ನೋಡಿದವರಿಗೂ. ಆಮೇಲೆ ಎಲ್ಲರಿಗಿಂತ ಕೊನೆಗೆ ಬಂದ ಮಗುವನ್ನು ಎತ್ತಿಕೊಂಡು ಕೇಳುತ್ತಾಳೆ: "ನೀ ಹಿಂದಿದ್ದಿ, ನೀನ ನೋಡಿರ್ತಿ. ಯಾರು ಮೊದಲ ಬಂದ್ರು, ಹೇಳು." ಆ ಮಗು ಉಂಡಿ ಹಿಡಿದ ಕೈಯನ್ನೇ ಚಾಚಿ ತೋರಿಸುತ್ತದೆ. ತೋರಿಸಿದ್ದಕ್ಕೆ ಅದರದ್ದೇನೂ ಕಡಿಮೆಯಾಗುವುದಿಲ್ಲ. ಉಂಡಿ ಕೈಯಲ್ಲೇ ಇರುತ್ತದೆ.

ಇಷ್ಟು ಸುಲಭವಿತ್ತು ಅದು. ಓಡಿದವರಿಗೆಲ್ಲ ನೀರು ಕೊಡಿ, ಯಾರು ಬೇಡವೆಂದರು. ಮೊದಲು ಬಂದವಳಿಗೆ ಮೊದಲು ಬಂದೆ ಎನ್ನುವ ಮಾತನ್ನೂ ಕೊಡಿ. ನನ್ನನ್ನು ದಿನಾ ಅಕ್ಕಿ ತುಂಬಿ ಸುರಿಯುತ್ತಾರೆ, ತೊಳೆಯುತ್ತಾರೆ, ಬೋರಲು ಹಾಕುತ್ತಾರೆ. ಒಬ್ಬ ಅಪ್ಪ ತಡವಾಗಿ ಆಡಿದ ಆ ಮಾತು ಮಾತ್ರ ಇನ್ನೂ ನನ್ನ ತಳದಲ್ಲಿದೆ. ಕೇಳಬೇಕಾದವಳು ಆ ದಿನ ಬಸ್ಸು ಹತ್ತಿ ಹೋದಳು.